ಮೊದಲು ನಕ್ಷೆ, ಆಮೇಲೆ ಜೆಸಿಬಿ

ಹಾವೇರಿ ಜಿಲ್ಲೆಯ ಪುಟ್ಟ ಊರೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನಮ್ಮ ಪಟ್ಟಣ ಪಂಚಾಯಿತಿಯವರು ನೀರಿನ ಹಳೆಯ ಎಸಿ (ಕಲ್ನಾರು-ಸಿಮೆಂಟ್) ಪೈಪು ತೆಗೆದು ಹೊಸದು ಹಾಕುತ್ತಾರಂತೆ. ಒಂದು ಪೈಪೂ ಬಂದಿಲ್ಲ. ಸರ್ವೆ, ಡಿಪಿಆರ್ (ವಿವರವಾದ ಯೋಜನಾ ವರದಿ), ಕನ್ಸಲ್ಟೆಂಟ್ ಅಂತ ದುಡ್ಡು ಮಾತ್ರ ಹೋಗುತ್ತಿದೆ. ಹೆದ್ದಾರಿಯವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕಂತೆ, ರೈಲ್ವೆಯವರದ್ದೂ ಬೇಕಂತೆ. ಹಳೆ ಪೈಪು ಇದ್ದ ಜಾಗದಲ್ಲೇ ಹೊಸದು ಇಡೋಕೆ ಇಷ್ಟೆಲ್ಲ ಯಾಕೆ? ನಮ್ಮ ವಾಟರ್‌ಮನ್‌ನ ಕೇಳಿದರೆ ಸಾಲದೇ?”

ಮೇಷ್ಟ್ರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕಡತಗಳು ತಿಂಗಳುಗಟ್ಟಲೆ ಮೇಜಿನ ಮೇಲೆ ಕೂರುವುದು ತಪ್ಪೇ. ಪಕ್ಕದೂರಿನ ಡಿಪಿಆರ್‌ನಲ್ಲಿ ಹೆಸರು ಬದಲಿಸಿ ಬಿಲ್ ಮಾಡುವ ಕನ್ಸಲ್ಟೆಂಟರೂ ಇದ್ದಾರೆ. ಅಷ್ಟನ್ನು ಒಪ್ಪಿಬಿಟ್ಟೆ. ಇನ್ನು ಉಳಿದದ್ದಕ್ಕೆ ಜಗಳ.

ಹಳೆ ಪೈಪು ಕಿತ್ತು ಅಲ್ಲೇ ಹೊಸದು ಇಡಬೇಕು ಅಂತೀರಿ. ಕೆಲಸ ಮುಗಿಯುವ ತನಕ ಊರಿಗೆ ನೀರು ಎಲ್ಲಿಂದ? ಅದಕ್ಕೇ ಹೊಸ ಲೈನನ್ನು ಪಕ್ಕದಲ್ಲಿ ಎಳೆದು, ಪರೀಕ್ಷೆ ಮಾಡಿ, ಆಮೇಲೆ ಮನೆಗಳ ಸಂಪರ್ಕ ಬದಲಿಸುತ್ತಾರೆ. ಎಸಿ ಪೈಪಿನಲ್ಲಿರುವುದು ಕಲ್ನಾರು. ಅದನ್ನು ಒಣಗಿದ ಹಾಗೇ ಕೊಯ್ದರೆ ಏಳುವ ಧೂಳು ಕೂಲಿಯವನ ಶ್ವಾಸಕೋಶ ಸೇರುತ್ತದೆ. ಮಣ್ಣಲ್ಲೇ ಬಿಡುವುದು ಎಷ್ಟೋ ವಾಸಿ.

ಆಮೇಲೆ ಸೈಜು. ಆ ಪೈಪು ಹಾಕಿದ ಕಾಲದಲ್ಲಿ ನಿಮ್ಮೂರಿನ ದಿಣ್ಣೆ ಮೇಲೆ ಬಡಾವಣೆ ಇತ್ತೇ? ಹೊಸ ಜಾಲವನ್ನು 30 ವರ್ಷ ಮುಂದಿನ ಜನಕ್ಕೆ ಲೆಕ್ಕ ಹಾಕಬೇಕು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುತ್ತಾರೆ. ಹಾಗಾಗಿ 50,000ಕ್ಕಿಂತ ಕಡಿಮೆ ಜನರಿರುವ ಊರಲ್ಲಿ ಸರಾಸರಿಯ 3 ಪಟ್ಟು ಹರಿವಿಗೆ ಪೈಪು ಸಾಲಬೇಕು ಅನ್ನುತ್ತಿತ್ತು ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿ. ಅರ್ಧ ಸೈಜಿನ ಪೈಪಲ್ಲಿ ಅರ್ಧ ನೀರಾದರೂ ಬರುತ್ತೆ ಅಂದುಕೊಂಡಿದ್ದೀರಾ? ಬರಲ್ಲ. ಅದೇ ಒತ್ತಡದಲ್ಲಿ 6 ಇಂಚಿನ ಪೈಪು ಕೊಡುವ ನೀರಿನ ಆರನೇ ಒಂದು ಪಾಲು ಮಾತ್ರ 3 ಇಂಚಿನದು ಕೊಡುತ್ತದೆ. ಇದು ವಾಟರ್‌ಮನ್ ಅಂದಾಜಿಗೆ ಸಿಗುವ ಲೆಕ್ಕವಲ್ಲ.

ವಾಟರ್‌ಮನ್ ಬಗ್ಗೆ ನನಗೂ ಗೌರವವಿದೆ. ಆದರೆ ಊರಿನ ನಕ್ಷೆಯೆಲ್ಲ ಒಬ್ಬನ ತಲೆಯಲ್ಲಿದ್ದರೆ ಏನಾಗುತ್ತದೆ? ನನ್ನ ಅಣ್ಣ ಇರುವ ಊರಲ್ಲಿ ವಾಟರ್‌ಮನ್ ನಿವೃತ್ತನಾದ. ಮುಖ್ಯ ವಾಲ್ವ್ ಡಾಂಬರಿನಡಿ ಎಲ್ಲೋ ಹೂತಿತ್ತು. ಪೈಪು ಒಡೆದ ದಿನ ಅವನನ್ನು ಮಗಳ ಮನೆಯಿಂದ ಕರೆಸಿದರು. ಅವನು ಬಂದು ಹುಡುಕಿದ್ದು ಒಂದು ಹುಣಸೇಮರವನ್ನು. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದಿದ್ದರು!

ನಿಮಗೆ ಹತ್ತಿರದ ಹುಬ್ಬಳ್ಳಿ-ಧಾರವಾಡವನ್ನೇ ನೋಡಿ. ಅಲ್ಲಿ, ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನವಿಡೀ ನೀರು ಬಂತು. ಹಳೆ ಜಾಲಕ್ಕೆ ತೇಪೆ ಹಾಕಿದರೆ ಆದೀತು ಅಂತ ಹೊರಟಿದ್ದರು, ಆಗಲಿಲ್ಲ. ಕೊನೆಗೆ ಆ ವಾರ್ಡುಗಳಲ್ಲಿ ಪೂರ್ತಿ ಹೊಸ ಪೈಪು, ಮನೆಮನೆಗೆ ಮೀಟರು.

ಎನ್‌ಒಸಿ ಸುಮ್ನೆ ಕಿರಿಕಿರಿ ಅಂತೀರಿ. ಹಳಿ ಕೆಳಗೆ ಹೋಗುವ ಪೈಪನ್ನು ಇನ್ನೊಂದು ದಪ್ಪ ಪೈಪಿನೊಳಗೆ ತೂರಿಸಬೇಕು. ಒಳಗಿನದು ಒಡೆದರೂ ನೀರು ನುಗ್ಗಿ ಹಳಿಯಡಿಯ ಮಣ್ಣು ಕೊಚ್ಚಿಹೋಗಬಾರದಲ್ವಾ? ಹೇಳದೆ ಕೇಳದೆ ಅಗೆಯುವವರಿಂದ ಕೇಬಲ್ ಕಡಿದು ಕಡಿದು, ಕೇಂದ್ರ ಸರ್ಕಾರವೇ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ (ಅಗೆಯುವ ಮುಂಚೆ ಕರೆ ಮಾಡಿ) ಅನ್ನುವ ಆ್ಯಪ್ ತರಬೇಕಾಯಿತು. ಇನ್ನು ಪೈಪನ್ನು ಚರಂಡಿಗೆ ಒತ್ತಿ ಇಟ್ಟರೆ? ನಮ್ಮಲ್ಲಿ ನೀರು ಬಿಡುವುದೇ ದಿನ ಬಿಟ್ಟು ದಿನ. ಪೈಪು ಖಾಲಿಯಾದಾಗ ಸಣ್ಣ ಬಿರುಕಿನಿಂದಲೂ ಕೊಳಕು ನೀರು ಒಳಗೆ ಬರುತ್ತದೆ.

ಇಂಜಿನಿಯರಿಗೆ ಕೊಟ್ಟ ದುಡ್ಡು ದಂಡ ಅನ್ನುವವರಿಗೆ ನಾನು ಸದಾ ಸಕ್ಕರ್ ಕಥೆ ಹೇಳುತ್ತೇನೆ. ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತ್ಯದ ಊರು, ನದಿಯ ನೀರು ಬಗ್ಗಡ, ಶೋಧಿಸುವ ಘಟಕ ಕಟ್ಟಲು ಮುನ್ಸಿಪಾಲಿಟಿ ಹತ್ತಿರ ಹಣವಿಲ್ಲ. 1890ರ ದಶಕದಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ನದೀಪಾತ್ರದಲ್ಲೇ ಬಾವಿ ತೋಡಿಸಿ, ಮರಳೇ ನೀರನ್ನು ಶೋಧಿಸುವ ಹಾಗೆ ಮಾಡಿದರು. ಉಳಿತಾಯ ಬಂದದ್ದು ಇಂಜಿನಿಯರ್ ತಲೆಯಿಂದ.

ನಮಗೆ ಗುದ್ದಲಿ ಪೂಜೆ ಬೇಕು, ಶಿಲಾಫಲಕ ಬೇಕು. ಅವತ್ತು ಹಾಕಿದ ಕಾಂಕ್ರೀಟ್ ರಸ್ತೆಯನ್ನು ಆರು ತಿಂಗಳಿಗೆ ಪೈಪಿಗಾಗಿ ಒಡೆಯುತ್ತೇವೆ. ಯಾರೂ ನಕ್ಷೆ ಕೇಳುವುದಿಲ್ಲ. ಮೇಷ್ಟ್ರೇ, ನೀವಾದರೂ ಕೇಳಿ. ಪೈಪು, ವಾಲ್ವ್ ನಿಜವಾಗಿ ಎಲ್ಲಿ ಕೂತಿವೆ ಅನ್ನುವ ನಕ್ಷೆ ಕೈಗೆ ಬರುವ ತನಕ ಗುತ್ತಿಗೆದಾರನ ಕೊನೆಯ ಬಿಲ್ ಪಾಸ್ ಮಾಡಬೇಡಿ ಅಂತ ಅರ್ಜಿ ಕೊಡಿ. ಮತ್ತೆ ಮುಂದಿನ ಪತ್ರದಲ್ಲಿ, ನಿಮ್ಮ ಬೀದಿಯಲ್ಲಿ ಎಷ್ಟು ಮನೆಯವರು ನೀರಿನ ಕಂದಾಯ ಕಟ್ಟಿದ್ದಾರೆ ಅಂತಲೂ ಬರೆಯಿರಿ. ನಿಮ್ಮ ಮನೆಯನ್ನೂ ಸೇರಿಸಿ.