ಪ್ರಕರಣ: ‘ನಾನು ನಾರ್ಮಲ್ ಅಲ್ಲ, ಮೇಡಂ’

ಬಿ.ಕಾಂ ಮೊದಲ ವರ್ಷದ ಹುಡುಗ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೂರು ವಾರದಿಂದ ಸಂಖ್ಯಾಶಾಸ್ತ್ರದ ಕ್ಲಾಸಿಗೆ ಹೋಗಿರಲಿಲ್ಲ. ಆ ಹೊತ್ತಿನಲ್ಲಿ ಸುಮ್ನೆ ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದ. ಗೆಳೆಯನೊಬ್ಬ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆತಂದ.

ಆಗಿದ್ದಿಷ್ಟು. ಮೇಷ್ಟ್ರು ಪ್ರಸಾಮಾನ್ಯ ವಿತರಣೆಯ (ನಾರ್ಮಲ್ ಡಿಸ್ಟ್ರಿಬ್ಯೂಷನ್) ಪಾಠಕ್ಕೆ ಅದೇ ಕ್ಲಾಸಿನ ಟೆಸ್ಟ್ ಮಾರ್ಕ್ಸನ್ನು ಉದಾಹರಣೆಯಾಗಿ ತೆಗೆದುಕೊಂಡರು. 48 ಜನ. 40ಕ್ಕೆ ಸರಾಸರಿ 24, ಮಾನಕ ವಿಚಲನೆ (ಮಾರ್ಕ್ಸ್ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) 9. ಬೋರ್ಡಿನ ಮೇಲೆ ಗಂಟೆಯಾಕಾರದ ಗೆರೆ ಎಳೆದು, ಎಡತುದಿ ತೋರಿಸಿ, “15 ಮತ್ತು ಕೆಳಗಿನವರು ಈ ಬಾಲದಲ್ಲಿದ್ದಾರೆ” ಎಂದರು. ಇವನದು ಸರಿಯಾಗಿ 15. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಮೇಷ್ಟ್ರಿಗೆ ನೋಯಿಸುವ ಉದ್ದೇಶ ಇರಲಿಲ್ಲ ಅಂತಲೇ ನನ್ನ ಅಂದಾಜು. ಹುಡುಗನ ತಲೆಯಲ್ಲಿ ಮಾತ್ರ ಒಂದೇ ಮಾತು ಉಳಿಯಿತು: “ಆ ಗೆರೆಯ ಹೆಸರೇ ನಾರ್ಮಲ್, ಮೇಡಂ. ನಾನು ಅದರಲ್ಲಿಲ್ಲ.”

ಊಟ, ನಿದ್ದೆ ವಿಚಾರಿಸಿದೆ. ಬದುಕೇ ಬೇಡ ಅನ್ನಿಸಿದೆಯಾ ಎಂದೂ ನೇರವಾಗಿ ಕೇಳಿದೆ. ಇಲ್ಲ ಎಂದ. ನಿದ್ದೆ ಮಾತ್ರ ಕೆಟ್ಟಿತ್ತು. “ನೀನು ಜಾಣ ಕಣೋ” ಎನ್ನಬಹುದಿತ್ತು, ಅವನು ನಂಬುತ್ತಿರಲಿಲ್ಲ. ಹಾಗಾಗಿ ಲೆಕ್ಕಕ್ಕೇ ಕೂತೆವು.

ಮೊದಲು ಹೆಸರಿನ ವಿಷಯ. ಈ ಗೆರೆಗೆ ‘ನಾರ್ಮಲ್’ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಮುಖ್ಯ. ಉಳಿದ ವಿತರಣೆಗಳೆಲ್ಲ ಅಸಹಜ ಎಂದು ಜನ ತಿಳಿಯುವಂತಾಗಿದೆ, ಆ ಹೆಸರಿನ ತೊಂದರೆಯೇ ಅದು ಎಂದು 1920ರಲ್ಲಿ ಅವರೇ ಬರೆದರು. ಇದನ್ನು ಕೇಳಿ ಹುಡುಗ ಮೊದಲ ಸಲ ತಲೆ ಎತ್ತಿದ.

ಆಮೇಲೆ ಬಾಲದ ಮಾತು. ಗಂಟೆ ನಿಜವೇ ಆಗಿದ್ದರೂ ಸರಾಸರಿಗಿಂತ ಒಂದು ವಿಚಲನೆ ಕೆಳಗಿರುವುದೇನೂ ಅಪರೂಪವಲ್ಲ. ನೂರರಲ್ಲಿ ಸುಮಾರು 16 ಜನ ಅಲ್ಲಿಂದ ಇನ್ನೂ ಕೆಳಗಿರುತ್ತಾರೆ.

ಆದರೆ ಇಲ್ಲಿ ಗಂಟೆ ಇತ್ತಾ? ನೋಟಿಸ್ ಬೋರ್ಡಿನ ಮಾರ್ಕ್ಸ್ ಪಟ್ಟಿಯ ಫೋಟೊ ಅವನ ಫೋನಿನಲ್ಲಿತ್ತು. ಒಬ್ಬೊಬ್ಬರಿಗೂ ಅವರವರ ಮಾರ್ಕ್ಸಿನ ಎದುರು ಒಂದು ಗೀಟು ಹಾಕು ಎಂದೆ. ಐದನೆಯದಕ್ಕೆ ಅಡ್ಡಗೀಟು. ಅರ್ಧ ಮುಗಿಯುವ ಹೊತ್ತಿಗೆ ಅವನ ಪೆನ್ನು ನಿಧಾನವಾಯಿತು. 15ರ ಸುತ್ತ ಒಂದು ಗುಡ್ಡೆ, 32ರ ಸುತ್ತ ಇನ್ನೊಂದು. 21ರಿಂದ 27ರವರೆಗೆ ಮೂರೇ ಗೀಟು. ಎಲ್ಲರನ್ನೂ ಅಳೆಯುತ್ತಿದ್ದ ಆ 24ರ ಹತ್ತಿರ ಹೆಚ್ಚುಕಮ್ಮಿ ಯಾರೂ ಇಲ್ಲ!

“ಗಂಟೆ ಅಲ್ಲ ಮೇಡಂ, ಒಂಟೆ,” ಎಂದ. ಎರಡು ಡುಬ್ಬದ ಒಂಟೆ.

ಮೇಲಿನ ಗುಡ್ಡೆಯವರು ಯಾರು ಎಂದು ಕೇಳಿದೆ. ಪಟ್ಟಿ ನೋಡುತ್ತಾ ಹೋದ. ಹೆಚ್ಚಿನವರು ಪಿಯುಸಿ ಕಾಮರ್ಸಿನಲ್ಲಿ ‘ಸೆಬಾ’ ಎಂಬ ವಿಷಯಗುಂಪು ತೆಗೆದುಕೊಂಡವರು, ಎರಡು ವರ್ಷ ಸಂಖ್ಯಾಶಾಸ್ತ್ರ ಓದಿ ಬಂದವರು. ಇವನೂ ಕೆಳಗಿನ ಗುಡ್ಡೆಯ ಉಳಿದವರೂ ‘ಹೆಬಾ’ ಗುಂಪಿನವರು. ಅಲ್ಲಿ ಸಂಖ್ಯಾಶಾಸ್ತ್ರದ ಬದಲು ಇತಿಹಾಸ. ಆ 22 ಜನರಲ್ಲಿ ಇವನು ಸರಿಸುಮಾರು ನಡುವಿನವನು. ಎರಡು ಬೇರೆ ಗುಂಪುಗಳನ್ನು ಬೆರೆಸಿ ಸರಾಸರಿ ತೆಗೆದರೆ ಹೀಗೇ ಆಗುತ್ತದೆ, ಅಲ್ವಾ?

ಇದರಿಂದ ಅವನ 15 ಏನೂ 25 ಆಗಲಿಲ್ಲ, ಅದನ್ನೂ ಹೇಳಿದೆ. ಕಲಿಯುವುದು ಬಾಕಿ ಇದೆ. ಕೊಟ್ಟ ಸಲಹೆ ಇದು: ಮರುದಿನದಿಂದಲೇ ಕ್ಲಾಸಿಗೆ ಹೋಗಬೇಕು, ಗೆಳೆಯನ ಪಕ್ಕ ಕೂರಬೇಕು. ರಾತ್ರಿ ಹನ್ನೊಂದರ ಮೇಲೆ ಪುಸ್ತಕ ಮುಚ್ಚಬೇಕು. ಲೆಕ್ಕ ಮಾಡುವಾಗ ಮೊದಲು ಗಂಟೆಯಾಕಾರದ ಗೆರೆ ಬರೆದು, ಕೇಳಿದ ಭಾಗಕ್ಕೆ ಪೆನ್ಸಿಲ್ಲಿನಲ್ಲಿ ಬಣ್ಣ ತುಂಬಿ, ಆಮೇಲಷ್ಟೇ ಆ ಭಾಗದ ಪಾಲು ಕೊಡುವ ಟೇಬಲ್ ತೆರೆಯಬೇಕು. ಅವನು ತಪ್ಪುತ್ತಿದ್ದದ್ದು ಅಲ್ಲೇ. ಅವನ ಪುಸ್ತಕದ ಟೇಬಲ್ ನಡುವಿನಿಂದ ಲೆಕ್ಕ ಕೊಡುತ್ತದೆ, ಒಂದು ವಿಚಲನೆಗೆ 0.3413. ಬಾಲದ ಪಾಲು ಕೇಳಿದಾಗಲೂ ಇವನು ಅದನ್ನೇ ಉತ್ತರ ಅಂತ ಬರೆದು ಬರುತ್ತಿದ್ದ. ಚಿತ್ರ ಬರೆದ ಮೇಲೆ, ಅರ್ಧ ಗಂಟೆಯ ಪಾಲಾದ 0.5ರಿಂದ ಅದನ್ನು ಕಳೆಯಬೇಕು, 0.1587 ಬರುತ್ತದೆ ಎಂದು ತಾನೇ ಹೇಳಿದ.

ಗೀಟಿನ ಹಾಳೆಯನ್ನು ಮೇಷ್ಟ್ರಿಗೆ ತೋರಿಸು, ಹೆಬಾದವರಿಗೆ ಬೇರೆ ಕ್ಲಾಸ್ ಕೇಳು ಎಂದೂ ಹೇಳಿದ್ದೆ. ನಾಲ್ಕನೇ ಭೇಟಿಯಲ್ಲಿ ವಿಚಾರಿಸಿದೆ. ಕ್ಲಾಸಿಗೆ ಹೋಗುತ್ತಿದ್ದಾನೆ, ನಿದ್ದೆ ಬರುತ್ತಿದೆ. ಹಾಳೆ ಮಾತ್ರ ಇನ್ನೂ ಬ್ಯಾಗಿನಲ್ಲೇ ಇದೆಯಂತೆ.