ಅಕ್ಟೋಬರ್‌ನಲ್ಲಿ ಡ್ಯಾನ್ಯೂಬ್ ನದಿಯ ಹಡಗಿಗೆ ಹೊರಟವರ ಪೆಟ್ಟಿಗೆಯಲ್ಲಿ ಏನೇನಿರಬೇಕು?

ಅಕ್ಟೋಬರ್ ಮೊದಲ ವಾರದಲ್ಲಿ ಜರ್ಮನಿಯ ಪಸ್ಸಾವ್‌ನಿಂದ ಹಂಗೆರಿಯ ಬುಡಾಪೆಸ್ಟ್‌ವರೆಗೆ ಏಳು ರಾತ್ರಿಗಳ ನದಿಪ್ರಯಾಣಕ್ಕೆ ತಂದೆ ತಾಯಿಯರನ್ನು ಕರೆದುಕೊಂಡು ಹೊರಟಿದ್ದೀರಿ. ಎಷ್ಟು ಬಟ್ಟೆ ಒಯ್ಯಬೇಕು, ರಾತ್ರಿ ಊಟಕ್ಕೆ ಕೋಟು ಟೈ ಕಡ್ಡಾಯವೇ, ಸೀರೆ ಬಿಟ್ಟು ಬೇರೇನೂ ಉಡದ ತಾಯಿಯವರು ಆ ಚಳಿಯಲ್ಲಿ ಹೇಗೆ ತಿರುಗಾಡಬೇಕು ಎಂಬುದು ನಿಮ್ಮ ಪ್ರಶ್ನೆ. ಇದೇ ಮಾರ್ಗದಲ್ಲಿ, ಇದೇ ತಿಂಗಳಿನಲ್ಲಿ ನಾನು, ನಮ್ಮ ಯಜಮಾನರು ಮತ್ತು 71 ವರ್ಷದ ನಮ್ಮ ಅತ್ತೆಯವರು ಹೋಗಿಬಂದಿದ್ದೇವೆ. ಒಯ್ಯಬಾರದ್ದನ್ನು ಒಯ್ದು, ಒಯ್ಯಬೇಕಾದದ್ದನ್ನು ತಪ್ಪಾದ ಚೀಲದಲ್ಲಿಟ್ಟು ಕಲಿತ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಡಗಿನ ಬಗ್ಗೆ ಒಂದು ಮಾತು. ಹಡಗು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸಮುದ್ರದ ಮೇಲೆ ತೇಲುವ ಹತ್ತು ಮಹಡಿಯ ಅರಮನೆ. ನದಿಯ ಹಡಗು ಹಾಗಲ್ಲ. ಮೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಜೋಡಿಸುವ ಕಾಲುವೆಯ ಲಾಕ್‌ಗಳು, ಅಂದರೆ ನೀರು ತುಂಬಿಸಿ ಇಳಿಸಿ ಹಡಗನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲುಕಟ್ಟೆಗಳು, 12 ಮೀಟರ್ ಅಗಲ ಇರುವುದರಿಂದ ಈ ಹಡಗುಗಳನ್ನು ಸುಮಾರು 11.4 ಮೀಟರ್ ಅಗಲಕ್ಕೇ ಕಟ್ಟುತ್ತಾರೆ. ಉದ್ದ ಸಾಮಾನ್ಯವಾಗಿ 110 ಅಥವಾ 135 ಮೀಟರ್. ಅಷ್ಟರಲ್ಲೇ ನೂರೈವತ್ತಕ್ಕೂ ಹೆಚ್ಚು ಜನ ಮಲಗಿ ಏಳಬೇಕಾದ್ದರಿಂದ ಕೋಣೆಗಳು ಚಿಕ್ಕವು. ಬಟ್ಟೆಯ ಕಪಾಟು ನಮ್ಮ ಮನೆಯ ಗೋಡೆ ಬೀರುವಿನ ಒಂದು ಬಾಗಿಲಿನಷ್ಟಿರುತ್ತದೆ. ಖಾಲಿ ಪೆಟ್ಟಿಗೆಗಳು ಮಂಚದ ಕೆಳಗೆ ಹೋಗಬೇಕು, ಹೋಗದಿದ್ದರೆ ದಿನವೂ ಅವುಗಳನ್ನು ದಾಟಿಕೊಂಡೇ ಬಚ್ಚಲಿಗೆ ಹೋಗಬೇಕು. ಒಮ್ಮೆ ಬಿಚ್ಚಿಟ್ಟರೆ ಏಳು ದಿನ ಮತ್ತೆ ಕಟ್ಟುವ ಗೋಜಿಲ್ಲವೆಂದು ನಂಬಿ ನಾವು ಮೂವರಿಗೆ ಐದು ಪೆಟ್ಟಿಗೆ ಒಯ್ದಿದ್ದೆವು. ಒಬ್ಬರಿಗೆ ಒಂದು ಮಧ್ಯಮ ಗಾತ್ರದ ಪೆಟ್ಟಿಗೆ, ಒಂದು ಕೈಚೀಲ ಸಾಕು.

ಆ ಕೈಚೀಲದಲ್ಲಿ ಏನಿರಬೇಕೆಂಬುದು ಉಳಿದ ಎಲ್ಲಕ್ಕಿಂತ ಮುಖ್ಯ. ನಾವು ಮ್ಯೂನಿಕ್‌ನಲ್ಲಿ ಇಳಿದದ್ದು ಭಾನುವಾರ ಬೆಳಿಗ್ಗೆ. ನನ್ನ ಪೆಟ್ಟಿಗೆ ಬರಲಿಲ್ಲ. ಹೋಟೆಲಿನಲ್ಲಿ ತಂಗುವವರಾದರೆ ಮರುದಿನ ಅಲ್ಲಿಗೇ ತಂದುಕೊಡುತ್ತಾರೆ; ಆದರೆ ನಮ್ಮ ವಸತಿ ಆ ಸಂಜೆಯೇ ಪಸ್ಸಾವ್ ಬಿಟ್ಟು ಹೊರಡುವುದಿತ್ತು. ಪೆಟ್ಟಿಗೆ ಹಡಗನ್ನು ಅಟ್ಟಿಸಿಕೊಂಡು ಊರಿಂದೂರಿಗೆ ಬರಬೇಕು. ಹೋಗಲಿ, ಎರಡು ಜೊತೆ ಬಟ್ಟೆಯನ್ನಾದರೂ ಕೊಳ್ಳೋಣವೆಂದು ಪಸ್ಸಾವ್‌ನ ಅಂಗಡಿ ಬೀದಿಗೆ ಹೋದರೆ ಎಲ್ಲ ಬಾಗಿಲೂ ಮುಚ್ಚಿದ್ದವು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಬಟ್ಟೆ ಅಂಗಡಿ ತೆರೆಯುವುದಿಲ್ಲ. ರೈಲು ನಿಲ್ದಾಣದಲ್ಲಿ ಬ್ರೆಡ್ಡು, ಹಲ್ಲುಜ್ಜುವ ಪೇಸ್ಟು ಸಿಗುತ್ತವೆ, ಅಷ್ಟೇ. ಮರುದಿನ ಹಡಗು ನಿಂತದ್ದು ಮೆಲ್ಕ್ ಮತ್ತು ಡ್ಯೂರ್ನ್‌ಸ್ಟೈನ್ ಎಂಬ ಪುಟ್ಟ ಊರುಗಳಲ್ಲಿ. ನನ್ನ ಪೆಟ್ಟಿಗೆ ಕೈಗೆ ಬಂದದ್ದು ಬುಧವಾರ, ವಿಯೆನ್ನಾದಲ್ಲಿ. ಅಲ್ಲಿಯವರೆಗೆ ವಿಮಾನದಲ್ಲಿ ತೊಟ್ಟಿದ್ದ ಚೂಡಿದಾರವನ್ನೇ ರಾತ್ರಿ ಒಗೆದು, ಬಚ್ಚಲಿನಲ್ಲಿ ಹರವಿ, ಬೆಳಿಗ್ಗೆ ಅರೆ ಒದ್ದೆಯನ್ನೇ ತೊಟ್ಟು, ಮೇಲೆ ಅತ್ತೆಯವರ ಸ್ವೆಟರ್ ಹಾಕಿಕೊಂಡು ತಿರುಗಿದೆ.

ಆದ್ದರಿಂದ ಒಂದು ದಿನಕ್ಕಾಗುವ ಪೂರ್ತಿ ಬಟ್ಟೆ, ಎರಡು ದಿನದ ಒಳಉಡುಪು, ಒಂದು ಬೆಚ್ಚನೆಯ ಹೊದಿಕೆ ಮತ್ತು ತಂದೆ ತಾಯಿಯರ ಎಲ್ಲ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಅಂಗಡಿಯಿಂದ ಬಂದ ಸ್ಟ್ರಿಪ್‌ನಲ್ಲೇ ಇಟ್ಟು, ವೈದ್ಯರ ಚೀಟಿಯನ್ನು ಜೊತೆಗಿರಿಸಿ. ಮನೆಯವರ ಬಟ್ಟೆಯನ್ನು ಒಬ್ಬರಿಗೊಂದು ಪೆಟ್ಟಿಗೆ ಎಂದು ಬೇರ್ಪಡಿಸದೆ, ಪ್ರತಿ ಪೆಟ್ಟಿಗೆಯಲ್ಲೂ ಎಲ್ಲರದ್ದೂ ಸ್ವಲ್ಪ ಸ್ವಲ್ಪ ಇರುವಂತೆ ತುಂಬಿ. ಒಂದು ತಪ್ಪಿದರೂ ಯಾರೊಬ್ಬರೂ ಪೂರ್ತಿ ಬರಿಗೈಯಾಗುವುದಿಲ್ಲ.

ಪೆಟ್ಟಿಗೆ ತಪ್ಪಿದ್ದರ ನಿಜವಾದ ಪೆಟ್ಟು ಬಿದ್ದದ್ದು ನನ್ನ ಕಾಲಿಗೆ. ಪ್ರಯಾಣಕ್ಕೆಂದೇ ಒಂದು ಜೊತೆ ಹೊಸ ಬೂಟು ಕೊಂಡಿದ್ದೆ. ಅವು ಭಾರವೆಂದು ವಿಮಾನದಲ್ಲಿ ಕಾಲಿಗೇ ಹಾಕಿಕೊಂಡು, ಎರಡು ವರ್ಷದಿಂದ ಬೆಳಗಿನ ನಡಿಗೆಗೆ ಹಾಕುತ್ತಿದ್ದ ಹಳೆಯ ಜೋಡನ್ನು ಪೆಟ್ಟಿಗೆಗೆ ತುಂಬಿದ್ದೆ. ಡ್ಯೂರ್ನ್‌ಸ್ಟೈನ್‌ನ ಗುಡ್ಡದ ಮೇಲೆ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್‌ನನ್ನು 1192ರ ಕೊನೆಯಲ್ಲಿ ಸೆರೆಯಿಟ್ಟಿದ್ದ ಕೋಟೆಯ ಅವಶೇಷವಿದೆ. ಹತ್ತುವ ದಾರಿ ಕಲ್ಲು, ಮೆಟ್ಟಿಲು, ಜಾರುವ ಎಲೆ. ಅರ್ಧ ದಾರಿಗೇ ಬೂಟು ಹಿಮ್ಮಡಿಯನ್ನು ಕಚ್ಚತೊಡಗಿತು. ಇಳಿದು ಬಂದು ನೋಡಿದರೆ ಎರಡೂ ಕಾಲಿನಲ್ಲಿ ಎಂಟಾಣೆ ನಾಣ್ಯದಷ್ಟು ದೊಡ್ಡ ಬೊಬ್ಬೆ. ವಿಯೆನ್ನಾದ ಸಂತ ಸ್ಟೀಫನ್ನನ ಕೆಥೆಡ್ರಲ್‌ನಲ್ಲಿ ದಕ್ಷಿಣ ಗೋಪುರದ 343 ಮೆಟ್ಟಿಲು ಹತ್ತಬೇಕೆಂದು ಊರಿನಿಂದಲೇ ಅಂದುಕೊಂಡು ಹೋಗಿದ್ದವಳು ಕೆಳಗೆ ಬೆಂಚಿನ ಮೇಲೆ ಕುಳಿತು ಯಜಮಾನರಿಗಾಗಿ ಕಾದೆ.

ಈ ಪ್ರಯಾಣದಲ್ಲಿ ನೀವು ದುಡ್ಡು ಮತ್ತು ಯೋಚನೆ ಎರಡನ್ನೂ ಸುರಿಯಬೇಕಾದ ಒಂದೇ ವಸ್ತು ಪಾದರಕ್ಷೆ. ಹಡಗು ನಿಂತ ಪ್ರತಿ ಊರಿನಲ್ಲೂ ನಡೆಯಬೇಕಾದದ್ದು ಹಳೆಯ ಪೇಟೆಯಲ್ಲಿ, ಅಲ್ಲಿನ ರಸ್ತೆಗೆ ಹಾಸಿರುವುದು ಮುಷ್ಟಿಗಾತ್ರದ ಗುಂಡುಕಲ್ಲು. ಎರಡು ಕಲ್ಲುಗಳ ನಡುವಿನ ಸಂದಿಗೆ ಹಿಮ್ಮಡಿ ಸಿಕ್ಕಿಕೊಂಡರೆ ಕಾಲು ಉಳುಕುವುದು ಖಂಡಿತ. ಮಳೆ ಬಿದ್ದರೆ ಚರ್ಮದ ಅಟ್ಟೆಯ ಬೂಟು ಅದರ ಮೇಲೆ ಎಣ್ಣೆಯ ಮೇಲಿನಂತೆ ಜಾರುತ್ತದೆ. ದಪ್ಪ ರಬ್ಬರ್ ಅಟ್ಟೆಯ, ಹಿಂದೆ ಮುಂದೆ ಮುಚ್ಚಿರುವ ನಡಿಗೆಯ ಬೂಟು ಬೇಕು, ಹೊರಡುವ ಎರಡು ತಿಂಗಳ ಮೊದಲೇ ಕೊಂಡು ದಿನವೂ ಅದನ್ನೇ ಹಾಕಿ ನಡೆಯಬೇಕು. ಒಂದು ಜೊತೆ ಒದ್ದೆಯಾದಾಗ ಬದಲಿಸಲು ಇನ್ನೊಂದು ಜೊತೆ, ಕೋಣೆಯೊಳಗೆ ಹವಾಯಿ ಚಪ್ಪಲಿ. ಹಡಗಿನ ಊಟದ ಮನೆಗೆ ಹವಾಯಿಯಲ್ಲಿ ಹೋಗುವುದು ಚೆನ್ನಾಗಿ ಕಾಣುವುದಿಲ್ಲ.

ಇನ್ನು ಚಳಿ. ಅಕ್ಟೋಬರ್‌ನಲ್ಲಿ ವಿಯೆನ್ನಾ ಮತ್ತು ಬುಡಾಪೆಸ್ಟ್‌ಗಳಲ್ಲಿ ಹಗಲು 15 ಡಿಗ್ರಿಯ ಆಸುಪಾಸು, ಬೆಳಗಿನ ಜಾವ 7 ಡಿಗ್ರಿಯ ಆಸುಪಾಸು ಇರುತ್ತದೆ. ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವ ನಾವು ಕಿವಿಗೆ ಮಫ್ಲರ್ ಸುತ್ತಿಕೊಳ್ಳುವ ಚಳಿ ಅಲ್ಲಿನ ನಡುಮಧ್ಯಾಹ್ನದ ಚಳಿ ಎಂದರೆ ನಿಮಗೆ ಅಂದಾಜು ಸಿಕ್ಕೀತು. ಆದರೆ ತೊಂದರೆಯಿರುವುದು ಚಳಿಯಲ್ಲಲ್ಲ, ಅದರ ಏರಿಳಿತದಲ್ಲಿ. ಬೆಳಿಗ್ಗೆ ನದಿಯ ಮೇಲೆ ಮಂಜು ಕವಿದಿರುತ್ತದೆ, ಹನ್ನೊಂದರ ಹೊತ್ತಿಗೆ ಒಳ್ಳೆಯ ಬಿಸಿಲು ಬರುತ್ತದೆ, ಬಸ್ಸಿನೊಳಗೆ ಮತ್ತು ಹಡಗಿನೊಳಗೆ ಹೀಟರ್ ಉರಿಯುತ್ತಿರುತ್ತದೆ, ಮೇಲಿನ ತೆರೆದ ಡೆಕ್‌ಗೆ ಹತ್ತಿದರೆ ಹಡಗು ಚಲಿಸುವ ಗಾಳಿಗೆ ಮೂಗು ಕೆಂಪಾಗುತ್ತದೆ. ಒಂದೇ ದಪ್ಪ ಜಾಕೆಟ್ ಒಯ್ದ ನಮ್ಮ ಯಜಮಾನರು ಅರ್ಧ ದಿನ ಅದನ್ನು ತೊಟ್ಟು ಬೆವರಿದರು, ಇನ್ನರ್ಧ ದಿನ ತೋಳಿನ ಮೇಲೆ ಹೊತ್ತು ತಿರುಗಿದರು. ಒಳಗೆ ಥರ್ಮಲ್ ಎಂಬ ಬೆಚ್ಚನೆಯ ತೆಳು ಒಳಉಡುಪು, ಅದರ ಮೇಲೆ ಸಾಮಾನ್ಯ ಅಂಗಿ, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ತೆಳು ಜಾಕೆಟ್, ಹೀಗೆ ಪದರ ಪದರವಾಗಿ ತೊಟ್ಟರೆ ಬೇಕಾದಾಗ ಒಂದೊಂದನ್ನೇ ಕಳಚಬಹುದು. ಕೊಡೆಗಿಂತ ಟೋಪಿಯಿರುವ ಮಳೆ ಜಾಕೆಟ್ ಮೇಲು. ನದಿದಂಡೆಯ ಗಾಳಿಗೆ ನಮ್ಮ ಮೂರು ಮಡಿಕೆಯ ಕೊಡೆ ಮೊದಲ ದಿನವೇ ಮಗುಚಿಕೊಂಡಿತು. ನಿಮ್ಮ ತಂದೆಯವರು ಮಂಕಿ ಟೋಪಿ ಒಯ್ಯುತ್ತೇನೆಂದರೆ ದಯವಿಟ್ಟು ನಗಬೇಡಿ, ತಡೆಯಲೂ ಬೇಡಿ. ಬುಡಾಪೆಸ್ಟ್ ತಲುಪಿದ ರಾತ್ರಿ, ದೀಪ ಹಚ್ಚಿದ ಪಾರ್ಲಿಮೆಂಟ್ ಕಟ್ಟಡದ ಮುಂದೆ ಹಡಗು ನಿಧಾನವಾಗಿ ಸಾಗುವಾಗ ಎಲ್ಲರೂ ಡೆಕ್‌ನ ಮೇಲೆ ನಿಂತಿದ್ದರು, ಅರ್ಧ ಗಂಟೆ ಕದಲದೆ ನಿಂತು ಪೂರ್ತಿ ನೋಡಿದವರು ಕಿವಿ ಮುಚ್ಚಿಕೊಂಡವರು ಮಾತ್ರ.

ಸಂಖ್ಯೆಯ ಲೆಕ್ಕ ಕೇಳಿದ್ದೀರಿ. ಏಳು ರಾತ್ರಿಗೆ ಗಂಡಸರಿಗೆ ಮೂರು ಪ್ಯಾಂಟು, ಐದು ಅಂಗಿ, ಎರಡು ಸ್ವೆಟರ್, ಎರಡು ಜೊತೆ ಥರ್ಮಲ್ ಬೇಕಾದಷ್ಟಾಯಿತು. ಒಳಉಡುಪು ಮತ್ತು ಕಾಲುಚೀಲಗಳನ್ನು ಮಾತ್ರ ಧಾರಾಳವಾಗಿ ಒಯ್ಯಿರಿ. ಹಡಗಿನಲ್ಲಿ ಬಟ್ಟೆ ಒಗೆದುಕೊಡುತ್ತಾರೆ, ಆದರೆ ಒಂದೊಂದು ಬಟ್ಟೆಗೂ ಲೆಕ್ಕ ಹಾಕುವುದರಿಂದ ಬನಿಯನ್ನಿನ ಬೆಲೆಗಿಂತ ಒಗೆಯುವ ಕೂಲಿ ಹೆಚ್ಚಾದೀತು. ಒಂದು ಸಾಬೂನು ಬಿಲ್ಲೆ, ನಾಲ್ಕು ಕ್ಲಿಪ್ಪು, ಎರಡು ಮೀಟರ್ ನೈಲಾನ್ ಹುರಿ ಇದ್ದರೆ ಸಾಕು. ಇಸ್ತ್ರಿ ಪೆಟ್ಟಿಗೆಯನ್ನು ಬೆಂಕಿಯ ಭಯದಿಂದ ಸಾಮಾನ್ಯವಾಗಿ ಹಡಗಿನ ಕೋಣೆಯೊಳಗೆ ಬಿಡುವುದಿಲ್ಲ, ಹಾಗಾಗಿ ಸುಕ್ಕಾಗದ ಬಟ್ಟೆಯನ್ನೇ ಆರಿಸಿ.

ಕೋಟು ಟೈ ಬೇಡ. ಸಮುದ್ರದ ದೊಡ್ಡ ಹಡಗುಗಳಲ್ಲಿರುವಂತೆ ಸೂಟು ತೊಡಲೇಬೇಕಾದ ರಾತ್ರಿಗಳು ನದಿಯ ಹಡಗುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾಪ್ಟನ್ ಸ್ವಾಗತಿಸುವ ಮೊದಲ ಸಂಜೆ ಮತ್ತು ಬೀಳ್ಕೊಡುಗೆಯ ಊಟದ ದಿನ ಜನ ಸ್ವಲ್ಪ ಅಚ್ಚುಕಟ್ಟಾಗಿ ಬರುತ್ತಾರೆ. ತುಂಬು ತೋಳಿನ ಒಳ್ಳೆಯ ಅಂಗಿ, ಪ್ಯಾಂಟು ಇದ್ದರೆ ಮುಗಿಯಿತು. ಮಗನ ಮದುವೆಯಲ್ಲಿ ಹೊಲಿಸಿದ ಸೂಟನ್ನು ನಮ್ಮವರು ಹಠ ಮಾಡಿ ಒಯ್ದಿದ್ದರು. ಅದು ಪೆಟ್ಟಿಗೆಯಲ್ಲೇ ಕುಳಿತು ನಾಲ್ಕು ದೇಶ ಸುತ್ತಿ ಮನೆಗೆ ಬಂತು.

ನಮ್ಮವರಿಗೇ ಬೇಕಾಗುವ ಕೆಲವು ಸಣ್ಣ ವಸ್ತುಗಳಿವೆ. ಬಚ್ಚಲಲ್ಲಿ ತಂಬಿಗೆಯೂ ಇರುವುದಿಲ್ಲ, ಕೈಪಿಚಕಾರಿಯೂ ಇರುವುದಿಲ್ಲ, ಬರೀ ಕಾಗದ. ಒಂದು ಹಗುರವಾದ ಪ್ಲಾಸ್ಟಿಕ್ ಮಗ್ ಇಟ್ಟುಕೊಳ್ಳಿ, ಅದರೊಳಗೇ ಕಾಲುಚೀಲ ತುಂಬಿದರೆ ಜಾಗವೂ ಉಳಿಯುತ್ತದೆ. ನಮ್ಮ ಮೊಬೈಲಿನ ಎರಡು ಕಡ್ಡಿಯ ತೆಳು ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಹೊಂದುತ್ತದೆ, ಮೂರು ಕಡ್ಡಿಯದು ಹೊಂದುವುದಿಲ್ಲ. ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್. ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ಉಪ್ಪಿನಕಾಯಿಯನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಗೆ ಹಾಕಿ. ಆದರೆ ಪೇಡ, ತುಪ್ಪ, ಹಾಲಿನ ಪುಡಿ ಬೇಡ, ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಸಾರ್ವಜನಿಕ ಶೌಚಾಲಯಗಳಿಗೆಂದು ಯೂರೋ ಚಿಲ್ಲರೆ ಜೇಬಿನಲ್ಲಿರಲಿ. ಹಂಗೆರಿಯ ನಾಣ್ಯ ಮಾತ್ರ ಬೇರೆ, ಅಲ್ಲಿ ಫೋರಿಂಟ್.

ಪೆಟ್ಟಿಗೆಯನ್ನು ಅರ್ಧ ಗಂಟೆಯಲ್ಲಿ ಮತ್ತೆ ಕಟ್ಟಲು ಆಗುವಂತೆ ಇಡಿ ಎಂದು ಹೇಳುವುದಕ್ಕೂ ಕಾರಣವಿದೆ. ನದಿಯಲ್ಲಿ ನೀರು ತೀರಾ ಇಳಿದರೆ ಹಡಗು ತಳ ಹಿಡಿಯುತ್ತದೆ, ತೀರಾ ಏರಿದರೆ ಸೇತುವೆಯ ಕೆಳಗೆ ನುಸುಳಲಾರದು. ಪಸ್ಸಾವ್‌ನ ಪುರಭವನದ ಗೋಡೆಯ ಮೇಲೆ ಹಳೆಯ ಪ್ರವಾಹಗಳ ಗುರುತುಗಳನ್ನು ಬರೆದಿದ್ದಾರೆ. 2013ರ ಜೂನ್‌ನಲ್ಲಿ ಅಲ್ಲಿ ನೀರು 12.89 ಮೀಟರ್‌ಗೆ ಏರಿತ್ತು. ಹೀಗೆ ದಾರಿ ಕಟ್ಟಿದಾಗ ಪ್ರಯಾಣಿಕರನ್ನು ಬಸ್ಸಿನಲ್ಲಿ ಕೂರಿಸಿ, ಆಚೆ ಬದಿಯಲ್ಲಿರುವ ಇನ್ನೊಂದು ಹಡಗಿಗೆ ದಾಟಿಸುವುದುಂಟು. ನಮಗೆ ಹಾಗೇನೂ ಆಗಲಿಲ್ಲ.

ಕೊನೆಗೆ ತಾಯಿಯವರ ಸೀರೆ. ಧೈರ್ಯವಾಗಿ ಉಡಲಿ. ನಮ್ಮ ಅತ್ತೆಯವರು ಏಳು ದಿನವೂ ಸೀರೆಯಲ್ಲೇ ಇದ್ದರು. ಒಳಲಂಗದ ಕೆಳಗೆ ಕಣಕಾಲಿನವರೆಗೆ ಥರ್ಮಲ್ ಕಾಲುಡುಗೆ, ಮೇಲೆ ತುಂಬು ತೋಳಿನ ರವಿಕೆ, ಅದರ ಮೇಲೆ ಮುಂದೆ ಗುಂಡಿಯಿರುವ ಸ್ವೆಟರ್. ಸೀರೆಯನ್ನು ವಾಡಿಕೆಗಿಂತ ನಾಲ್ಕು ಬೆರಳು ಎತ್ತರಕ್ಕೆ ಉಟ್ಟು, ಸೆರಗನ್ನು ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿಬಿಡುತ್ತಿದ್ದರು. ನೆಲಕ್ಕೆ ತಾಗುವಂತೆ ಉಟ್ಟರೆ ಒದ್ದೆ ಕಲ್ಲಿನ ಮೇಲೆ ಅಂಚು ನೆನೆದು ಭಾರವಾಗುತ್ತದೆ, ಮೆಟ್ಟಿಲಿಳಿಯುವಾಗ ಬೂಟಿಗೂ ಸಿಕ್ಕುತ್ತದೆ. ನೂಲಿನ ಸೀರೆ ಒಣಗಲು ಎರಡು ದಿನ ಹಿಡಿಯುವುದರಿಂದ ತೆಳುವಾದ ಸಿಂಥೆಟಿಕ್ ಸೀರೆ ನಾಲ್ಕು, ವಿಶೇಷ ಊಟಕ್ಕೆ ಒಂದು ಮೈಸೂರು ಕ್ರೇಪ್ ಸಿಲ್ಕ್ ಸಾಕು. ಕ್ರೇಪ್ ಅಂಗೈಯಗಲಕ್ಕೆ ಮಡಿಚಿಕೊಳ್ಳುತ್ತದೆ, ಇಸ್ತ್ರಿ ಕೇಳುವುದಿಲ್ಲ. ಜರಿ ತುಂಬಿದ ಕಂಚಿಯನ್ನು ಮನೆಯಲ್ಲೇ ಬಿಡಿ. ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಳ್ಳಲು ನಮ್ಮ ಅತ್ತೆ ಮೊದಲು ಬಹಳ ನಾಚಿಕೊಂಡಿದ್ದರು. ಹೊರಡುವ ಮುಂಚೆ ಎರಡು ತಿಂಗಳು ಅದನ್ನೇ ಹಾಕಿ ಬೀದಿಯ ಕೊನೆಯ ಗಣಪತಿ ಗುಡಿಯವರೆಗೆ ದಿನವೂ ನಡೆದರು, ಗುಡಿಯ ಮುಂದೆ ಲೇಸು ಬಿಚ್ಚಿ ಕಟ್ಟುವುದು ತಡವಾಗುತ್ತದೆಂದು ಗೊಣಗಿದರು, ಕೊನೆಗೆ ಅಂಟುಪಟ್ಟಿಯ ಬೂಟು ಕೊಡಿಸಿದೆವು. ಡ್ಯೂರ್ನ್‌ಸ್ಟೈನ್‌ನಲ್ಲಿ ನಾನು ಕುಂಟುತ್ತಾ ಇಳಿಯುವಾಗ ಅವರು ದ್ರಾಕ್ಷಿ ತೋಟದ ಪಕ್ಕದ ದಾರಿಯಲ್ಲಿ ನನಗಿಂತ ಇಪ್ಪತ್ತು ಹೆಜ್ಜೆ ಮುಂದಿದ್ದರು.