ಮಾವನವರ ಫೋಟೊ ಇರುವ ಹಾಲ್‌ಗೆ ಬಣ್ಣದ ಚಿತ್ರ ಬೇಡವೇ?

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ಮೈಸೂರಿನಲ್ಲಿ ಬಾಡಿಗೆ ಮನೆ. ತೀರಿಕೊಂಡ ಮಾವನವರ ಫೋಟೊ ಬಿಟ್ಟರೆ ಹಾಲ್‌ನ ಗೋಡೆಗಳೆಲ್ಲ ಬೋಳು. ಎ4 ಅಳತೆಯ ಎರಡು ಬಣ್ಣದ ಪ್ರಿಂಟ್‌ಗಳಿಗೆ ಫ್ರೇಮ್ ಹಾಕಿಸಿ, ಫೋಟೊ ಪಕ್ಕದಲ್ಲೇ ಡಬಲ್ ಟೇಪ್‌ನಿಂದ ಅಂಟಿಸಿದೆ. ರಾತ್ರಿ ಒಂದು ಬಿದ್ದು ಗಾಜು ಪುಡಿಯಾಯಿತು, ಗೋಡೆಯ ಬಣ್ಣವೂ ಕಿತ್ತುಬಂತು. 'ಅವರ ಪಕ್ಕ ಬೇಡ ಅಂದಿದ್ದೆ, ಅಪಶಕುನ ಆಯ್ತು' ಎಂದು ಅತ್ತೆ ಕಣ್ಣೀರು ಹಾಕಿದರು. ಗಂಡ ಇಬ್ಬರಿಗೂ ಹೂಂ ಅನ್ನುತ್ತಾರೆ. ಆಸೆ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಅದು ಬಿದ್ದದ್ದೇಕೆ ಎಂದು ಮೊದಲು ಅತ್ತೆಯವರಿಗೇ ತೋರಿಸಿ. ಗೋಡೆಯ ಮೇಲೆ ಅಂಗೈ ಉಜ್ಜಿ ನೋಡಿ. ಸುಣ್ಣದಂಥ ಪುಡಿ ಹತ್ತಿದರೆ ಅದು ಡಿಸ್ಟೆಂಪರ್, ಅಂದರೆ ನೀರಿನಲ್ಲಿ ಕಲಸಿ ಬಳಿಯುವ ಅಗ್ಗದ ಬಣ್ಣ. ಟೇಪ್ ಹಿಡಿದುಕೊಂಡದ್ದು ಮೇಲಿನ ಆ ಪುಡಿಪದರವನ್ನಷ್ಟೇ, ಗಾಜಿನ ಭಾರಕ್ಕೆ ಪದರವೇ ಕಿತ್ತುಬಂದಿದೆ. ಅಂಥ ಗೋಡೆಗೆ ಯಾವ ಟೇಪೂ ಬೇಡ. ಖಾಲಿ ಮಾಡುವಾಗ ಪುಟ್ಟಿ ತುಂಬಿ ಬಣ್ಣ ಬಳಿದುಕೊಡುತ್ತೇವೆಂದು ಮಾಲೀಕರಿಗೆ ಮೊದಲೇ ಹೇಳಿ, ಎರಡು ಮೊಳೆ ಹೊಡೆಸಿ. ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿಸಿ. ಅಷ್ಟೇ ದಪ್ಪದ ಗಾಜಿನ ಅರ್ಧದಷ್ಟೂ ಭಾರವಿರುವುದಿಲ್ಲ.

ಅತ್ತೆಯವರ ಮಾತನ್ನು ಇನ್ನೊಮ್ಮೆ ಗಮನಿಸಿ: 'ಅವರ ಪಕ್ಕ ಬೇಡ'. ಗಂಡನ ನೆನಪಿಗೆಂದು ಆ ಹಾಲ್‌ನಲ್ಲಿ ಅವರಿಗಿರುವುದು ಅದೊಂದೇ ಗೋಡೆ. ಅದನ್ನು ಪೂರ್ತಿ ಬಿಟ್ಟುಕೊಡಿ, ಚಿತ್ರಗಳಿಗೆ ಸೋಫಾ ಹಿಂದಿನ ಗೋಡೆ ಇಟ್ಟುಕೊಳ್ಳಿ. ಇದನ್ನು ಹೇಳಬೇಕಾದವರು ನಿಮ್ಮ ಯಜಮಾನರು. 'ಅಪ್ಪನ ಗೋಡೆ ಹಾಗೇ ಇರುತ್ತಮ್ಮಾ' ಎಂದು ಮಗ ಹೇಳಿದರೆ ಅವರಿಗೆ ಸಿಗುವ ಸಮಾಧಾನ ಸೊಸೆ ಹೇಳಿದರೆ ಸಿಗುವುದಿಲ್ಲ. ಇಬ್ಬರಿಗೂ ಹೂಂ ಅಂದು ಅವರು ತಪ್ಪಿಸಿಕೊಳ್ಳುವುದು ಸರಿಯಲ್ಲ.

ಅಳತೆಯಲ್ಲೂ ಎಡವಿದ್ದೀರಿ. ದೊಡ್ಡ ಗೋಡೆಯಲ್ಲಿ ಎ4 ಕಳೆದೇಹೋಗುತ್ತದೆ. ಸೋಫಾ ಅಗಲದ ಮೂರರಲ್ಲಿ ಎರಡು ಪಾಲು ಚಿತ್ರಗಳು ತುಂಬಬೇಕು. ಆರಡಿ ಸೋಫಾಗೆ ಸುಮಾರು 48 ಇಂಚು. ಎ2 ಪ್ರಿಂಟ್ 16.5 ಇಂಚು ಅಗಲ. ಸುತ್ತ 2 ಇಂಚು ಮೌಂಟ್ (ಚಿತ್ರಕ್ಕೂ ಫ್ರೇಮ್‌ಗೂ ನಡುವಿನ ರಟ್ಟಿನ ಅಂಚು), ಮುಕ್ಕಾಲು ಇಂಚಿನ ಫ್ರೇಮ್ ಸೇರಿದರೆ 22. ಎರಡನ್ನು 2 ಇಂಚು ಬಿಟ್ಟು ತೂಗುಹಾಕಿದರೆ 46 ಆಗುತ್ತದೆ, ಸಾಕು. ಕೆಳಗಿನ ಅಂಚು ಸೋಫಾ ಬೆನ್ನಿನಿಂದ 8 ಇಂಚು ಮೇಲಿರಲಿ. ಮೊಳೆ ಹೊಡೆಯುವ ಮೊದಲು ನ್ಯೂಸ್‌ಪೇಪರ್ ಅನ್ನು ಫ್ರೇಮ್ ಅಳತೆಗೆ ಕತ್ತರಿಸಿ, ಗುಂಡುಸೂಜಿಯಲ್ಲಿ ಸಿಕ್ಕಿಸಿ ಮೂರ್ನಾಲ್ಕು ದಿನ ಬಿಡಿ. ಅತ್ತೆಯವರು ದಿನಾ ಕೂರುವ ಜಾಗದಿಂದ ಹೇಗೆ ಕಾಣುತ್ತದೆಂದು ಅವರನ್ನೇ ಕೇಳಿ.

ಚಿತ್ರ ಯಾವುದು? ಒಂದನ್ನು ಅವರೇ ಆರಿಸಲಿ. ರವಿವರ್ಮನ ಚಿತ್ರಗಳಿಂದ ಶುರುಮಾಡಬಹುದು. 1894ರಲ್ಲಿ ಮುಂಬೈಯಲ್ಲಿ ಅವನ ಪ್ರೆಸ್ ಶುರುವಾದ ಮೇಲೆ ಆ ಬಣ್ಣದ ಅಚ್ಚುಗಳು ಮನೆಮನೆಯ ಗೋಡೆ ಸೇರಿದವು, ಹಾಗಾಗಿ ಅವರಿಗೆ ಪರಕೀಯ ಅನ್ನಿಸಲಾರವು. ಅವನು ತೀರಿಕೊಂಡದ್ದು 1906ರಲ್ಲಿ; ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ, ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. ಇನ್ನೊಂದು ನಿಮ್ಮಿಷ್ಟದ್ದು, ಎಷ್ಟು ಗಾಢ ಬಣ್ಣದ್ದಾದರೂ ಸರಿ. ಎರಡರಲ್ಲೂ ಒಂದು ಬಣ್ಣ ಸಮಾನವಾಗಿರಲಿ, ಅದೇ ಬಣ್ಣ ಕರ್ಟನ್‌ನಲ್ಲೋ ದಿಂಬಿನಲ್ಲೋ ಇದ್ದರೆ ಜೋಡಿ ಕೂಡಿಬರುತ್ತದೆ.

ವಾಟ್ಸ್‌ಆಪ್‌ನಲ್ಲಿ ಬಂದ ಚಿತ್ರವನ್ನು ಮುದ್ರಣಕ್ಕೆ ಕೊಡಬೇಡಿ, ದೊಡ್ಡದಾದಾಗ ಒಡೆದುಹೋಗುತ್ತದೆ. ಎ2ಗೆ 300 ಡಿಪಿಐ (ಒಂದು ಇಂಚಿನಲ್ಲಿ ಮುದ್ರಣವಾಗುವ ಚುಕ್ಕೆಗಳ ಲೆಕ್ಕ) ಬೇಕೆಂದರೆ ಫೈಲ್ 4961×7016 ಪಿಕ್ಸೆಲ್ ಇರಬೇಕು. ನಾಲ್ಕೈದು ಅಡಿ ದೂರದಿಂದ ನೋಡುವುದಕ್ಕೆ ಅದರ ಅರ್ಧ, 150 ಡಿಪಿಐ, ನಡೆಯುತ್ತದೆ. ಹೊಳಪಿಲ್ಲದ ಮ್ಯಾಟ್ ಕಾಗದ, 200 ಜಿಎಸ್‌ಎಂಗಿಂತ (ಚದರ ಮೀಟರ್‌ಗೆ ಇಷ್ಟು ಗ್ರಾಂ ಎಂಬ ಲೆಕ್ಕ) ದಪ್ಪದ್ದು, ಪಿಗ್ಮೆಂಟ್ ಇಂಕ್ ಎಂದು ಬಾಯಿಬಿಟ್ಟು ಕೇಳಿ. ಡೈ ಇಂಕ್ ಬೇಗ ಮಾಸುತ್ತದೆ. ಫೋನಿನ ಪರದೆಗಿಂತ ಕಾಗದದಲ್ಲಿ ಬಣ್ಣ ಮಂಕಾಗುವುದರಿಂದ ಮೊದಲು ಎ4 ಸ್ಯಾಂಪಲ್ ತೆಗೆಸಿ, ರಾತ್ರಿ ನಿಮ್ಮ ಹಾಲ್‌ನ ದೀಪದಲ್ಲೇ ನೋಡಿ. 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟ್ ಕೆಂಪು, ಹಳದಿಗಳ ಕಾವನ್ನೇ ತೆಗೆದುಬಿಡುತ್ತದೆ. ಅದಕ್ಕಿಂತ ಬೆಚ್ಚನೆಯ ಬೆಳಕಿನ 4000 ಕೆಲ್ವಿನ್‌ನ ಬಲ್ಬ್ ಹಾಕಿ.

ಅದೇ ಅಂಗಡಿಗೆ ಮಾವನವರ ಫೋಟೊವನ್ನೂ ಒಯ್ದು ಸ್ಕ್ಯಾನ್ ಮಾಡಿಸಿ. ಮೂಲವನ್ನು ಅಲ್ಲೇ ಬಿಟ್ಟು ಬರಬೇಡಿ. ಹೊಸ ಪ್ರತಿಗೆ ಅದೇ ಬಗೆಯ ಮೌಂಟ್, ಫ್ರೇಮ್ ಕಟ್ಟಿಸಿ, ಎಲ್ಲಕ್ಕಿಂತ ಮೊದಲು ಅದನ್ನು ತೂಗುಹಾಕಿ.